ಗೋಂದಕ್ಕ ಅಂಟಿಸಿದ ಪಾಠ

ಶಾಲೆಯ ಮಕ್ಕಳು ಅವಳಿಗೆ ಇಟ್ಟ ಹೆಸರು ಗೋಂದಕ್ಕ. ನಿಜ ಹೇಳಬೇಕೆಂದರೆ ಅವಳು ಗೋಂದು ಮುಟ್ಟಿದವಳೇ ಅಲ್ಲ. ಅವಳದು ಮೈದಾಹಿಟ್ಟಿನ ಅಂಟು. ಬೆಳಗ್ಗೆ ಬಂದವಳೇ ಸ್ಟವ್ ಹಚ್ಚಿ, ತಣ್ಣೀರಲ್ಲಿ ಹಿಟ್ಟು ಕಲಸಿ, ಗಂಟಾಗದ ಹಾಗೆ ತಿರುವುತ್ತಾ ಕುದಿಸಿ, ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಇಳಿಸುತ್ತಿದ್ದಳು. ಅದು ಆರುವವರೆಗೆ ಹರಿದ ಪುಸ್ತಕಗಳಿಗೆ ದಬ್ಬಳದಿಂದ ತೂತು ಹೊಡೆದು ದಾರ ಪೋಣಿಸುವ ಕೆಲಸ. ಅವಳ ಕೋಣೆ ಇದ್ದದ್ದು ಶಾಲೆಯ ಮೆಟ್ಟಿಲ ಕೆಳಗೆ. ನೆಟ್ಟಗೆ ನಿಂತರೆ ತಲೆ ತಗಲುವಂಥದ್ದು. ಮೇಲೆ ಮಕ್ಕಳು ಹತ್ತಿ ಇಳಿಯುವಾಗೆಲ್ಲ ಸುಣ್ಣದ ಪುಡಿ ಉದುರಿ ಅಂಟಿನ ಪಾತ್ರೆಗೆ ಬೀಳುತ್ತಿತ್ತು, ಅದಕ್ಕೇ ಪಾತ್ರೆಯ ಮೇಲೆ ಯಾವಾಗಲೂ ಒಂದು ರಟ್ಟು ಮುಚ್ಚಿರುತ್ತಿದ್ದಳು.

ಆ ಕೋಣೆ ಮೊದಲು ಅವಳ ಗಂಡನದು. ಅವನು ಈ ಶಾಲೆಯ ಬೈಂಡರ್ ಆಗಿದ್ದ. ಒಂದು ದಿನ ಕತ್ತರಿಸುವ ಯಂತ್ರದ ಮುಂದೆ ಕೂತವನು ಎದೆ ಹಿಡಿದುಕೊಂಡು ಹಾಗೇ ಪಕ್ಕಕ್ಕೆ ಒರಗಿದ. ಆಗ ಮಗಳಿಗೆ ನಾಲ್ಕು ವರ್ಷ. ಶಾಲೆ ನಡೆಸುತ್ತಿದ್ದದ್ದು ಚರ್ಚಿನವರು. ಆಗಿನ ಪಾದ್ರಿಗಳು ಮುದುಕರು, ಮೆತ್ತಗಿನ ಮನುಷ್ಯ. ಮಣ್ಣು ಮಾಡಿ ಬಂದ ಮೂರನೇ ದಿನ ಮನೆಗೆ ಬಂದು, "ಅವನು ಮಾಡ್ತಿದ್ದ ಕೆಲಸ ನೀನೂ ನೋಡಿದೀಯಲ್ಲಮ್ಮ, ಬಂದು ಮಾಡು. ಮಗು ನಮ್ಮ ಶಾಲೇಲೇ ಓದ್ಲಿ," ಅಂದರು. ಅಷ್ಟೇ. ಅರ್ಜಿ ಇಲ್ಲ, ಸಂದರ್ಶನ ಇಲ್ಲ. ಹಾಗಾಗಿ ಚರ್ಚು ಅಂದರೆ ಅವಳಿಗೆ ಬಾಯಿಮಾತಿನ ಭಕ್ತಿ ಅಲ್ಲ, ತಿನ್ನುವ ಅನ್ನದಷ್ಟು ಗಟ್ಟಿ ವಿಷಯ.

ಇನ್ನೊಂದು ಕಾರಣವೂ ಇತ್ತು. ಸಮಾಧಿಯ ಹತ್ತಿರ ನಿಂತಾಗ ಅದೇ ಮುದುಕ ಪಾದ್ರಿಗಳು, ದೇವರು ಮನುಷ್ಯನನ್ನು ಮಣ್ಣಿಂದ ತನ್ನ ಕೈಯಾರೆ ಮಾಡಿದ, ಕೈಯಾರೆ ಮಾಡಿದ್ದನ್ನು ಯಾರೂ ಮರೆತುಬಿಡೋದಿಲ್ಲ, ಇವನನ್ನೂ ಒಂದು ದಿನ ಎಬ್ಬಿಸ್ತಾನೆ ಎಂದಿದ್ದರು. ಕೈಯಾರೆ ಅನ್ನುವ ಆ ಒಂದು ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವಳೂ ಕೈಕೆಲಸದವಳು. ತಾನು ಹೊಲಿದ ಪುಸ್ತಕ ಹತ್ತು ವರ್ಷದ ಮೇಲೆ ಕಂಡರೂ ಹೊಲಿಗೆ ನೋಡಿ ಗುರುತು ಹಿಡಿಯುತ್ತಿದ್ದಳು. ದೇವರೂ ಹಾಗೇ ಗಂಡನ ಗುರುತು ಹಿಡಿಯುತ್ತಾನೆ ಎಂದುಕೊಂಡು ಧೈರ್ಯ ತಂದುಕೊಂಡಳು. ಆ ಧೈರ್ಯದ ಮೇಲೆಯೇ ಮಗಳನ್ನು ಸಾಕಿದಳು ಅಂದರೂ ಸುಳ್ಳಲ್ಲ.

ಮುದುಕ ಪಾದ್ರಿಗಳು ನಿವೃತ್ತರಾಗಿ ಹೋದ ಮೇಲೆ ಬಂದವರು ಹೊಸ ಪಾದ್ರಿ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಣ್ಣಬಣ್ಣದ ಕರಪತ್ರ, ಮಾತು ಮಾತ್ರ ಮೈಕು ಬೇಡದಂಥದ್ದು. ಬಂದ ಎರಡನೇ ವಾರವೇ ದೊಡ್ಡ ತರಗತಿಯ ಜೀವಶಾಸ್ತ್ರದ ಪುಸ್ತಕ ತರಿಸಿಕೊಂಡು ನೋಡಿದರು. ಹನ್ನೊಂದನೇ ಪಾಠ, ಜೀವದ ಹುಟ್ಟು ಮತ್ತು ವಿಕಾಸ. ನೀರಲ್ಲಿ ಜೀವ ತಾನಾಗಿ ಹುಟ್ಟಿತು, ಕೋಟಿಗಟ್ಟಲೆ ವರ್ಷಗಳಲ್ಲಿ ಒಂದರಿಂದ ಒಂದು ಬದಲಾಗುತ್ತಾ ಮೀನಾಯಿತು, ಹಕ್ಕಿಯಾಯಿತು, ಮನುಷ್ಯನಾಯಿತು ಎಂದು ಬರೆದಿತ್ತು. ಹಳೇ ಪಾದ್ರಿಗಳೂ ಈ ಪಾಠ ನೋಡಿದ್ದವರೇ. "ದೇವರಿಗೆ ಅವಸರ ಇರ್ಲಿಲ್ಲ ಅಂತ ಕಾಣುತ್ತೆ" ಎಂದು ನಕ್ಕು ಪುಸ್ತಕ ಮುಚ್ಚಿಟ್ಟಿದ್ದರು. ಹೊಸಬರು ನಗಲಿಲ್ಲ. ದೇವರು ಲೋಕ ಸೃಷ್ಟಿಸಿದ್ದು ಆರು ದಿನ ಅಂದರೆ ಆರು ದಿನ, ಒಂದು ಗಂಟೆ ಹೆಚ್ಚಿಲ್ಲ, ಒಂದು ಗಂಟೆ ಕಡಿಮೆ ಇಲ್ಲ ಎಂದು ಮೇಜು ಗುದ್ದಿದರು.

ಶಾಲೆಯ ಕಮಿಟಿ ಸೇರಿತು. ಹಾಳೆ ಹರಿದುಬಿಡೋಣ ಅಂದರು ಅಧ್ಯಕ್ಷರು. ಸರ್ಕಾರಿ ಪುಸ್ತಕ ಹರಿದರೆ ತಪಾಸಣೆಗೆ ಬಂದವರು ಮಾನ್ಯತೆಯನ್ನೇ ಹರಿದಾರು ಎಂದು ಗುಮಾಸ್ತ ಹೆದರಿಸಿದ. ಮಸಿ ಬಳಿದು ನೋಡಿದರು. ಮಕ್ಕಳು ಬೆಳಕಿಗೆ ಹಿಡಿದು ಓದಿದರು, ಅದೂ ಬೇರೆ ಯಾವ ಪಾಠಕ್ಕೂ ತೋರದ ಆಸಕ್ತಿಯಿಂದ. ಕೊನೆಗೆ ಯಾರಿಗೋ ಮೆಟ್ಟಿಲ ಕೆಳಗಿನವಳ ನೆನಪಾಯಿತು. ಪಾದ್ರಿ ತಲೆ ಬಗ್ಗಿಸಿಕೊಂಡು ಅವಳ ಕೋಣೆಗೆ ಬಂದರು. "ನಾವು ಕೋತಿಯಿಂದ ಬಂದೋರು ಅಂತ ಬರೆದಿದಾರೆ ಅಕ್ಕ. ದೇವರ ಕೈ ಇದರಲ್ಲಿ ಇಲ್ವೇ ಇಲ್ಲ ಅಂತ. ಮಕ್ಕಳ ಕಣ್ಣಿಗೆ ಇದು ಬೀಳಬಾರದು. ನಿಮ್ಮಿಂದ ಆಗುತ್ತಾ?" ಎಂದು ಕೇಳಿದರು. ದೇವರ ಕೈ ಇಲ್ಲ ಅಂದ ಕೂಡಲೇ ಅವಳಿಗೆ ಗಂಡನ ಸಮಾಧಿ ಕಣ್ಣ ಮುಂದೆ ಬಂತು. ಆಗುತ್ತೆ ಅಂದಳು.

ಆಮೇಲೆ ಹನ್ನೊಂದು ವರ್ಷ ಅದೇ ಕೆಲಸ. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಪುಸ್ತಕದ ಕಟ್ಟುಗಳು ಅವಳ ಕೋಣೆಗೆ ಬಂದು ಬೀಳುತ್ತಿದ್ದವು. ನೂರಿಪ್ಪತ್ತೇಳನೇ ಪುಟದಿಂದ ನೂರನಲವತ್ತಾರರವರೆಗೆ ಹತ್ತು ಹಾಳೆ. ಪೂರ್ತಿ ಅಂಟು ಬಳಿದರೆ ಹಾಳೆ ಸುಕ್ಕಾಗಿ ಪುಸ್ತಕವೇ ಹಾಳಾಗುತ್ತದೆ. ಅದಕ್ಕೆ ಮೂರು ಅಂಚಿಗೆ ಮಾತ್ರ, ಒಂದು ಬೆರಳಗಲ, ತೆಳ್ಳಗೆ. ಹತ್ತೂ ಸೇರಿ ಒಂದೇ ದಪ್ಪ ಹಾಳೆಯಾದ ಮೇಲೆ ಹಿಂದೆ ಮುಂದೆ ಬಿಳಿ ಕಾಗದ. ಮುಂದಿನದರ ಮೇಲೆ ಬೈಬಲಿನ ಸೃಷ್ಟಿಯ ವಚನ ಅಚ್ಚಾಗಿರುತ್ತಿತ್ತು. ಅಂಚುಗಳು ಎಷ್ಟು ಒಪ್ಪವಾಗಿರುತ್ತಿದ್ದವು ಅಂದರೆ, ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಪುಸ್ತಕ ತಿರುವಿ ಹಾಕಿ, ನೂರಿಪ್ಪತ್ತಾರರಿಂದ ನೂರನಲವತ್ತೇಳಕ್ಕೆ ಹಾರಿದ್ದೇ ಗೊತ್ತಾಗದೆ ಚಹಾ ಕುಡಿದು ಎದ್ದು ಹೋದ. ಕಮಿಟಿಯವರು ಅವಳನ್ನು ಹೊಗಳಿದರು. ಅವಳಿಗೂ ಹೆಮ್ಮೆಯಾಯಿತು. ತಾನು ಮುಚ್ಚಿದ್ದರ ಒಳಗೆ ಏನಿದೆ ಎಂದು ಅವಳು ಒಂದು ಸಲವೂ ಓದಿರಲಿಲ್ಲ. ಓದಲು ಬಾರದವಳಲ್ಲ, ಆದರೂ ಅಂಟು ಬಳಿಯುವಾಗ ಕಣ್ಣನ್ನು ಅಂಚಿನ ಮೇಲೆ ಮಾತ್ರ ಇಟ್ಟಿರುತ್ತಿದ್ದಳು.

ಮಗಳು ಮಾತ್ರ ಚಿಕ್ಕಂದಿನಿಂದ ಪ್ರಶ್ನೆಗಳ ಮೂಟೆ. ಒಂಬತ್ತು ವರ್ಷದವಳಿದ್ದಾಗ ಭಾನುವಾರದ ತರಗತಿಯಲ್ಲಿ ಎದ್ದು ನಿಂತು, "ಸೂರ್ಯ ಹುಟ್ಟಿದ್ದು ನಾಲ್ಕನೇ ದಿನ ಅಂದ್ರಲ್ಲ, ಹಾಗಾದ್ರೆ ಮೊದಲ ಮೂರು ದಿನ ಅಂತ ಹೇಗೆ ಎಣಿಸಿದ್ರು?" ಅಂತ ಕೇಳಿಬಿಟ್ಟಳು. ಪಾದ್ರಿಗಳ ಮುಖ ಕೆಂಪಾಯಿತು. ಇಂಥ ಪ್ರಶ್ನೆ ಕೇಳಿಸೋದು ಸೈತಾನ ಎಂದರು. ಮಗಳು ಮನೆಗೆ ಬಂದು, "ಅಮ್ಮ, ಸೈತಾನ ಅಲ್ಲ, ನಾನೇ ಕೇಳಿದ್ದು," ಅಂತ ಅತ್ತಳು. ಗೋಂದಕ್ಕನಿಗೆ ನಗು ಬಂದರೂ ನಗಲಿಲ್ಲ. ಮಗಳನ್ನು ಕರೆದುಕೊಂಡು ಹೋಗಿ ಕ್ಷಮೆ ಕೇಳಿಸಿದಳು. ಅದಾದ ಮೇಲೆ ಮಗಳು ಎದ್ದು ನಿಂತು ಕೇಳುವುದನ್ನು ಬಿಟ್ಟಳು. ಓದಿನಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ. ಡಾಕ್ಟರ್ ಆಗಬೇಕೆಂದು ಅವಳ ತಲೆಯಲ್ಲಿ ಯಾವಾಗ ಕೂತಿತೋ ಯಾರಿಗೂ ಗೊತ್ತಿಲ್ಲ. ಅಪ್ಪ ಒರಗಿದಾಗ ಆ ಶಾಲೆಯಲ್ಲಿ ಎದೆ ಒತ್ತಿ ಉಸಿರು ತರಿಸಲು ಗೊತ್ತಿದ್ದವರು ಒಬ್ಬರೂ ಇರಲಿಲ್ಲ ಎಂದು ಯಾರೋ ಹೇಳಿದ್ದನ್ನು ಅವಳು ಮರೆತಿರಲಿಲ್ಲ.

ಸರ್ಕಾರದ್ದೊಂದು ಉಚಿತ ಸೀಟಿನ ವ್ಯವಸ್ಥೆ ಇತ್ತು. ಪ್ರವೇಶ ಪರೀಕ್ಷೆಯಲ್ಲಿ ಗೆದ್ದರೆ ಓದು, ಊಟ, ವಸತಿ ಎಲ್ಲ ಅವರದೇ. ಆದರೆ ಶಾಲೆ ಮುಗಿಸಿದ ವರ್ಷವೇ ಬರೆಯಬೇಕು, ಮರುವರ್ಷ ಅನ್ನುವ ಮಾತೇ ಇಲ್ಲ. ಹನ್ನೊಂದನೇ ಪಾಠದಿಂದ ಪ್ರತಿ ವರ್ಷ ಆರೇಳು ಪ್ರಶ್ನೆ ಬರುತ್ತವೆ ಎಂದು ಮಗಳು ಹಳೆಯ ಪ್ರಶ್ನೆಪತ್ರಿಕೆ ನೋಡಿ ತಿಳಿದುಕೊಂಡಿದ್ದಳು. ಶಾಲೆ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಅಮ್ಮನ ಕೋಣೆಗೆ ಬಂದು ರಟ್ಟಿನ ರಾಶಿಯ ಮೇಲೆ ಕೂತಳು.

"ಅಮ್ಮ, ಒಂದೇ ಒಂದು ಪುಸ್ತಕ ಬಿಟ್ಬಿಡು. ನಂದು. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಬೇಕಾದವನಿಗೆ ಗೊತ್ತಾಗುತ್ತೆ," ಅಂದಳು ಗೋಂದಕ್ಕ.

"ನಾನು ಅದನ್ನ ನಂಬ್ತೀನಿ ಅಂತಿಲ್ಲಮ್ಮ. ಓದ್ತೀನಿ ಅಷ್ಟೇ. ಏಳು ಪ್ರಶ್ನೆ ಅಂದ್ರೆ ಇಪ್ಪತ್ತೆಂಟು ಅಂಕ. ಒಂದೊಂದು ಅಂಕಕ್ಕೆ ಸಾವಿರ ಜನ ಮುಂದೆ ಹೋಗ್ತಾರೆ."

"ಇನ್ನೂರು ಮಕ್ಕಳ ಪುಸ್ತಕ ಮುಚ್ಚಿ ನನ್ನ ಮಗಳದು ಮಾತ್ರ ತೆರೆದಿಟ್ಟರೆ ಅದು ಕಳ್ಳತನ ಅಲ್ವೇನೇ? ಯಾವ ಮುಖ ಇಟ್ಕೊಂಡು ಚರ್ಚಿಗೆ ಹೋಗ್ಲಿ?"

"ಹಾಗಾದ್ರೆ ಯಾರದ್ದೂ ಅಂಟಿಸಬೇಡ."

ಗೋಂದಕ್ಕ ಅಂಟಿನ ಕುಂಚ ಕೆಳಗಿಟ್ಟಳು. "ನಿಮ್ಮಪ್ಪನನ್ನ ದೇವರು ಕೈಯಾರೆ ಮಾಡಿದ್ದು. ಅದು ಸುಳ್ಳು ಅಂತ ಬರೆದಿರೋ ಹಾಳೆ ಇದು. ಇದನ್ನ ಓದಿ ಡಾಕ್ಟರ್ ಆಗೋದಾದ್ರೆ ಬೇಡ. ಮಾತು ಕೊಡು ನನಗೆ. ಆ ಪಾಠ ಬೇರೆಯವರ ಪುಸ್ತಕದಲ್ಲೂ ಓದಲ್ಲ, ಪರೀಕ್ಷೇಲೂ ಬರೆಯಲ್ಲ ಅಂತ."

ಮಗಳು ಅಮ್ಮನ ಮುಖ ನೋಡಿದಳು. ಆಮೇಲೆ "ಸರಿ" ಎಂದು ಎದ್ದು ಹೋದಳು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಶಾಲೆಯ ಜವಾನ ಹಿಂದಿನ ವಾರವಷ್ಟೇ ಒಂದು ಮಾತು ಹೇಳಿದ್ದ: ಕೆಲವು ಮಕ್ಕಳು ಅಂಚಿಗೆ ಬ್ಲೇಡು ಹಾಕಿ ಬಿಡಿಸಿಕೊಳ್ಳುತ್ತಾರಂತೆ. ಚರ್ಚಿಗೆ ಬರುವವರ ಮಕ್ಕಳು ಹಾಗೆ ಮಾಡಲಾರರು ಎಂದು ಅವಳು ಅವನನ್ನೇ ಗದರಿಸಿದ್ದಳು. ಈಗ ಮಗಳ ಪುಸ್ತಕ ಕೈಗೆತ್ತಿಕೊಂಡಾಗ ಆ ಮಾತು ನೆನಪಾಯಿತು. ಮಗಳ ಮೇಲೆ ಅಪನಂಬಿಕೆ ಅಂತಲ್ಲ, ಪ್ರಾಯದ ಹುಡುಗಿ, ಆಸೆ ಯಾರನ್ನು ಬಿಟ್ಟಿದೆ. ಅಂಚಿಗೆ ಮಾತ್ರ ಬಳಿಯುವ ಬದಲು ಆ ಒಂದು ಪುಸ್ತಕದಲ್ಲಿ ಹತ್ತೂ ಹಾಳೆಗೆ ಮೂಲೆಯಿಂದ ಮೂಲೆಗೆ ಗಟ್ಟಿ ಅಂಟು ಬಳಿದು, ಎರಡು ದಿನ ಒತ್ತುಯಂತ್ರದ ಕೆಳಗೆ ಇಟ್ಟಳು. ತೆಗೆದಾಗ ಅದು ಹಾಳೆಯಾಗಿರಲಿಲ್ಲ, ಹಲಗೆಯಾಗಿತ್ತು. ಯಾವ ಬ್ಲೇಡಿಗೂ ಬಗ್ಗುವಂಥದ್ದಲ್ಲ. ಇಡೀ ಶಾಲೆಯಲ್ಲಿ ನಿಜವಾಗಿ ಮುಚ್ಚಿದ್ದ ಪುಸ್ತಕ ಅದೊಂದೇ.

ಪರೀಕ್ಷೆಯಾಯಿತು, ಫಲಿತಾಂಶ ಬಂತು. ಐದು ಅಂಕದಿಂದ ಮಗಳಿಗೆ ಸೀಟು ತಪ್ಪಿತು. ಅವಳು ಅಳಲಿಲ್ಲ, ಜಗಳ ಆಡಲಿಲ್ಲ. ಹದಿನೈದು ದಿನದಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಹುಡುಕಿಕೊಂಡಳು. ಬಂದವರ ರಕ್ತ ತುಂಬಿದ ಸಣ್ಣ ಕೊಳವೆಗಳ ಮೇಲೆ ಹೆಸರಿನ ಚೀಟಿ ಅಂಟಿಸಿ ಒಳಗೆ ಕಳಿಸುವ ಕೆಲಸ. ದೇವರ ಚಿತ್ತ ಇದ್ದದ್ದೇ ಇಷ್ಟು ಎಂದು ಗೋಂದಕ್ಕ ಅಂದುಕೊಂಡಳು. ಹಾಗೆ ಅಂದುಕೊಂಡರೂ ಊಟ ಸೇರುತ್ತಿರಲಿಲ್ಲ. ಫಲಿತಾಂಶದ ನಂತರದ ಭಾನುವಾರ ಚರ್ಚಿನಲ್ಲಿ ವಿಶೇಷ ಸ್ತೋತ್ರ ಪ್ರಾರ್ಥನೆ ಇತ್ತು. ಅಧ್ಯಕ್ಷರ ಮಗಳಿಗೆ ಡಾಕ್ಟರ್ ಸೀಟು ಸಿಕ್ಕಿತ್ತು, ಪಾದ್ರಿಗಳ ಮಗನಿಗೂ ಸಿಕ್ಕಿತ್ತು. ದೇವರನ್ನು ನಂಬಿದವರು ಸೋಲುವುದಿಲ್ಲ ಎಂದು ಪಾದ್ರಿ ಬೋಧಿಸಿದರು. ಗೋಂದಕ್ಕ ಹಿಂದಿನ ಬೆಂಚಿನಲ್ಲಿ ಕೂತು ಆಮೆನ್ ಅಂದಳು. ತನ್ನ ನಂಬಿಕೆಯಲ್ಲೇ ಎಲ್ಲೋ ಕೊರತೆ ಇದ್ದಿರಬೇಕು ಎಂದು ಆಮೇಲೆ ಮೊಣಕಾಲೂರಿ ಕ್ಷಮೆಯನ್ನೂ ಕೇಳಿದಳು.

ಶಾಲೆ ಮುಗಿಸಿದ ಮಕ್ಕಳ ಪುಸ್ತಕ ಸಂಗ್ರಹಿಸಿ, ಹೊಸ ರಟ್ಟು ಹಾಕಿ, ಮುಂದಿನ ವರ್ಷ ಬಡ ಮಕ್ಕಳಿಗೆ ಕೊಡುವ ಪದ್ಧತಿ ಆ ವರ್ಷ ಹೊಸದಾಗಿ ಶುರುವಾಗಿತ್ತು. ಅದೂ ಅವಳದೇ ಕೆಲಸ. ಅಧ್ಯಕ್ಷರ ಮನೆಯಿಂದ ಬಂದ ಕಟ್ಟು ಬಿಚ್ಚಿ ಜೀವಶಾಸ್ತ್ರದ ಪುಸ್ತಕ ತೆಗೆದಳು. ಹಳೆಯ ಹೊಲಿಗೆ ಬಿಡಿಸಲು ಮಧ್ಯಕ್ಕೆ ತೆರೆದಾಗ ನೂರಿಪ್ಪತ್ತೆಂಟನೇ ಪುಟ ಕಾಣಿಸಿತು. ಹನ್ನೊಂದು ವರ್ಷ ಅವಳು ಅಂಚು ಬಿಟ್ಟು ಬೇರೇನೂ ನೋಡಿರದ ಪುಟ. ಮೂರು ಅಂಚೂ ಸಪೂರ ಬ್ಲೇಡಿನಲ್ಲಿ ಕುಯ್ದಿತ್ತು, ಗಡಿಬಿಡಿಯಲ್ಲಲ್ಲ, ಸ್ಕೇಲು ಇಟ್ಟು. ಸಾಲು ಸಾಲಿಗೆ ಕೆಂಪು ಗೆರೆ. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ "ಮುಖ್ಯ", "ಇದು ಖಂಡಿತ ಬರುತ್ತೆ", "ಬಾಯಿಪಾಠ" ಎಂದೆಲ್ಲ ಬರೆದಿತ್ತು. ಆ ದುಂಡಗಿನ ಅಕ್ಷರ ಅವಳಿಗೆ ಚೆನ್ನಾಗಿ ಗೊತ್ತು. ಜೀವಶಾಸ್ತ್ರದ ಮೇಷ್ಟ್ರದು. ತರಗತಿಯಲ್ಲಿ ಹತ್ತರಿಂದ ನೇರ ಹನ್ನೆರಡನೇ ಪಾಠಕ್ಕೆ ಹಾರುತ್ತಿದ್ದ, ಪ್ರತಿ ವರ್ಷ ಕಮಿಟಿಯ ಮುಂದೆ ಆರು ದಿನದ ಸೃಷ್ಟಿಯನ್ನು ನಂಬುತ್ತೇನೆಂದು ಸಹಿ ಹಾಕುತ್ತಿದ್ದ ಮೇಷ್ಟ್ರು. ಪಾದ್ರಿಗಳ ಮಗನ ಪುಸ್ತಕ ತೆಗೆದಳು. ಅದೂ ಹಾಗೇ. ಕಮಿಟಿಯ ಇನ್ನೂ ಮೂರು ಮನೆಯ ಪುಸ್ತಕ ತೆಗೆದಳು. ಎಲ್ಲಕ್ಕೂ ಅದೇ ಬ್ಲೇಡು, ಅದೇ ಕೆಂಪು ಗೆರೆ.

ಅವಳು ಅಂದು ಮೊದಲ ಸಲ ಆ ಪಾಠ ಓದಿದಳು. ವಿಷ ಇರುತ್ತದೆ ಎಂದುಕೊಂಡಿದ್ದ ಕಡೆ ಮೂಳೆಯ ಚಿತ್ರಗಳಿದ್ದವು. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುಗಾಲು, ಮನುಷ್ಯನ ಕೈ, ಮೂರರಲ್ಲೂ ಅವೇ ಮೂಳೆ, ಅದೇ ಜೋಡಣೆ. ದೇವರಿಲ್ಲ ಅಂತ ಎಲ್ಲಾದರೂ ಬರೆದಿದೆಯಾ ಎಂದು ಎರಡೆರಡು ಸಲ ಹುಡುಕಿದಳು. ಆ ಮಾತೇ ಅಲ್ಲಿರಲಿಲ್ಲ. ದೇವರ ಹೆಸರೂ ಇರಲಿಲ್ಲ ಅನ್ನುವುದು ಬೇರೆ. ಇಷ್ಟಕ್ಕೇನಾ ಅಂತ ಅವಳಿಗೆ ಮೈಯೆಲ್ಲ ಉರಿಯಿತು.

ಐದೂ ಪುಸ್ತಕ ಎದೆಗೆ ಅವುಚಿಕೊಂಡು ಪಾದ್ರಿಗಳ ಕಚೇರಿಗೆ ಹೋದಳು. ಅವರು ಒಂದು ಪುಸ್ತಕ ತಿರುವಿ ನೋಡಿ ಮಗನ ಹೆಸರು ಕಂಡು ಮುಚ್ಚಿದರು. ಸಿಟ್ಟಾಗಲಿಲ್ಲ, ನಾಚಲೂ ಇಲ್ಲ.

"ಕೂತ್ಕೊಳ್ಳಿ ಅಕ್ಕ. ಪರೀಕ್ಷೆಗೆ ಓದೋದು ಬೇರೆ, ನಂಬೋದು ಬೇರೆ. ಪರೀಕ್ಷೇಲಿ ಅವರಿಗೆ ಬೇಕಾದ್ದು ಬರೆದು ಬಂದ್ರೆ ಮುಗೀತು. ಮೇಷ್ಟ್ರು ಬೆಳಗ್ಗೆ ಮನೇಲಿ ನಾಲ್ಕೈದು ಮಕ್ಕಳಿಗೆ ಹೇಳ್ಕೊಡ್ತಿದ್ರು, ಅಷ್ಟೇ."

"ನನ್ನ ಮಗಳೂ ಅದನ್ನೇ ಅಂದಿದ್ಲು ಸ್ವಾಮಿ. ಓದ್ತೀನಿ ಅಷ್ಟೇ, ನಂಬಲ್ಲ ಅಂತ. ನಾನು ಬೇಡ ಅಂದೆ. ನಿಮ್ಮ ಮಾತು ನಂಬಿ ಬೇಡ ಅಂದೆ. ಇವರೆಲ್ಲ ಓದೋದಾದ್ರೆ ನಾನು ಅಂಟಿಸಿದ್ದು ಯಾರಿಗೋಸ್ಕರ?"

ಪಾದ್ರಿ ಪೆನ್ನಿನ ಮುಚ್ಚಳ ಹಾಕಿದರು. "ಎಲ್ಲ ಮಕ್ಕಳೂ ಒಂದೇ ಥರ ಇರಲ್ಲ ಅಕ್ಕ. ನಮ್ಮ ಮನೆಗಳಲ್ಲಿ ತಿದ್ದಿ ಹೇಳೋಕೆ ಹಿರಿಯರಿದಾರೆ. ಸಾಮಾನ್ಯ ಮನೆ ಮಕ್ಕಳಿಗೆ ಯಾರಿದಾರೆ? ಅವರ ನಂಬಿಕೆ ಕಾಪಾಡೋದು ನಮ್ಮ ಜವಾಬ್ದಾರಿ." ಆಮೇಲೆ, ಇದನ್ನೆಲ್ಲ ಹೊರಗೆ ಆಡಿಕೊಂಡು ಶಾಲೆಯ ಹೆಸರು ಕೆಡಿಸಬೇಡಿ ಎಂದೂ ಸೇರಿಸಿದರು.

ಮೇಷ್ಟ್ರನ್ನೂ ಬಿಡಲಿಲ್ಲ ಅವಳು. ಮೈದಾನದ ಮೂಲೆಯಲ್ಲಿ ಅಡ್ಡಗಟ್ಟಿ ಕೇಳಿದಳು. "ನನ್ನ ಮಗಳು ನಿಮ್ಮ ತರಗತೀಲಿ ಮೊದಲನೇ ಬೆಂಚಲ್ಲಿ ಕೂತಿದ್ಲಲ್ಲ ಮೇಷ್ಟ್ರೇ, ಅವಳನ್ನ ಯಾಕೆ ಕರೀಲಿಲ್ಲ?" ಮೇಷ್ಟ್ರು ಅತ್ತಿತ್ತ ನೋಡಿದ. ವಿಜ್ಞಾನವನ್ನು ಗುಟ್ಟಾಗಿ ಕಾಪಾಡುತ್ತಿರುವ ಧೀರ ಎಂದು ತನ್ನ ಬಗ್ಗೆ ತಾನೇ ನಂಬಿಕೊಂಡಿದ್ದ ಮನುಷ್ಯ ಅವನು. "ಅಂಟಿಸ್ತಿದ್ದೋರ ಮಗಳನ್ನ ಹೇಗೆ ಕರೀಲಿ? ನೀವು ಹೋಗಿ ಹೇಳಿಬಿಟ್ರೆ ನನ್ನ ಕೆಲಸ ಉಳೀತಿತ್ತಾ?" ಎಂದು ಚೀಲ ಹೆಗಲಿಗೇರಿಸಿಕೊಂಡ. ಅವನು ಅಂದದ್ದು ನಿಜ, ಅವಳು ಹೋಗಿ ಹೇಳಿಯೇ ಹೇಳುತ್ತಿದ್ದಳು.

ಹೊಸ ಪುಸ್ತಕದ ಕಟ್ಟುಗಳು ಬಂದ ದಿನ ಗೋಂದಕ್ಕ ಗುಮಾಸ್ತನಿಗೆ, ನಾನಿನ್ನು ಆ ಪಾಠ ಅಂಟಿಸೋದಿಲ್ಲ, ಬೇಕಾದರೆ ಕೆಲಸದಿಂದ ತೆಗೀರಿ ಅಂದಳು. ದೊಡ್ಡ ರಂಪವಾಗುತ್ತದೆ, ಕಮಿಟಿ ಸೇರುತ್ತದೆ, ತಾನು ಎಲ್ಲರೆದುರು ನಿಂತು ಕೇಳುತ್ತೇನೆ ಎಂದು ಹಿಂದಿನ ದಿನವೆಲ್ಲ ಮಾತು ಜೋಡಿಸಿಕೊಂಡಿದ್ದಳು. ಗುಮಾಸ್ತ ತಲೆ ಎತ್ತದೆ, "ಆಯ್ತು ಬಿಡಿ, ಜವಾನನಿಗೆ ಹೇಳ್ತೀನಿ," ಅಂದ. ಜವಾನ ಅಂಗಡಿಯ ಅಂಟಿನ ಡಬ್ಬಿ ತಂದು ಮೂರು ದಿನದಲ್ಲಿ ಮುಗಿಸಿದ. ಅಂಚೆಲ್ಲ ಸೊಟ್ಟ, ಹಾಳೆಯೆಲ್ಲ ಸುಕ್ಕು. ಯಾರೂ ಏನೂ ಅನ್ನಲಿಲ್ಲ.

ಒಂದು ಸಂಜೆ ಮಗಳು ಕೆಲಸದಿಂದ ಬಂದು ಕೈಕಾಲು ತೊಳೆದು ಚಹಾಕ್ಕೆ ಕೂತಾಗ ಗೋಂದಕ್ಕ ಎಲ್ಲವನ್ನೂ ಹೇಳಿದಳು. ಬ್ಲೇಡು, ಕೆಂಪು ಗೆರೆ, ಪಾದ್ರಿಯ ಮಾತು, ಮೇಷ್ಟ್ರ ಮಾತು. ಹೇಳುತ್ತಾ ಹೇಳುತ್ತಾ ಅವಳ ಸ್ವರ ಏರಿತು. ಮಗಳೂ ತನ್ನ ಜೊತೆ ಸಿಡಿದೇಳುತ್ತಾಳೆ, ಇಬ್ಬರೂ ಸೇರಿ ಅವರಿಗೆ ಹಿಡಿಶಾಪ ಹಾಕಿದರೆ ಎದೆಯ ಭಾರ ಸ್ವಲ್ಪ ಇಳಿಯುತ್ತದೆ ಎಂದುಕೊಂಡಿದ್ದಳು.

"ಗೊತ್ತಿತ್ತಮ್ಮ," ಅಂದಳು ಮಗಳು. "ತರಗತೀಲಿ ಎಲ್ಲರಿಗೂ ಗೊತ್ತಿತ್ತು. ಬ್ಲೇಡ್ ಹಾಕದೇ ಇದ್ದೋಳು ನಾನೊಬ್ಬಳೇ. ನನ್ನದಕ್ಕೆ ಹಾಕೋಕೆ ಬರ್ತಾನೂ ಇರ್ಲಿಲ್ಲ."

ಗೋಂದಕ್ಕ ತಲೆ ತಗ್ಗಿಸಿದಳು. "ನನ್ನಿಂದ ತಪ್ಪಾಯ್ತು ಕಣೇ. ನೀನು ಆ ಪಾಠ ಓದಿದ್ದಿದ್ರೆ..."

"ಪಾಠ ಓದ್ಲಿಲ್ಲ. ಆದ್ರೆ ಪರೀಕ್ಷೆ ದಿನ ಹೊರಗೆ ನಿಂತಾಗ ಅವರೆಲ್ಲ ಒಬ್ಬರಿಗೊಬ್ಬರು ಕೇಳ್ಕೊಂಡು ಬಾಯಿಪಾಠ ಹೇಳ್ತಿದ್ರು. ಕಿವಿ ಮುಚ್ಕೊಳ್ಳೋಕಾಗುತ್ತಾ? ಒಳಗೆ ಹೋಗಿ ನೋಡಿದ್ರೆ ಅವೇ ಪ್ರಶ್ನೆ. ಏಳರಲ್ಲಿ ನಾಲ್ಕಕ್ಕೆ ಉತ್ತರ ಗೊತ್ತಿತ್ತು ನನಗೆ."

ಗೋಂದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಐದು ಅಂಕ. ಎರಡು ಉತ್ತರ ಸಾಕಾಗಿತ್ತು. "ಮತ್ತೆ ಯಾಕೆ ಬರೀಲಿಲ್ಲ?" ಅಂದಳು.

ಮಗಳು ಲೋಟ ಕೆಳಗಿಟ್ಟಳು.

"ಬರೆಯಲ್ಲ ಅಂತ ನಿನಗೆ ಮಾತು ಕೊಟ್ಟಿದ್ನಲ್ಲಮ್ಮ," ಅಂದಳು.